ಜನರಿರುವ ತಾಂಡಾ ಕಂದಾಯ ನಕ್ಷೆಯಲ್ಲಿ ಏಕಿಲ್ಲ?

ಪ್ರಶ್ನೆ: ಕಪ್ಪತಗುಡ್ಡದ ಬುಡದ ನಮ್ಮ ತಾಂಡಾದಲ್ಲಿ ತಲೆಮಾರುಗಳಿಂದ ಜನರಿದ್ದರೂ ಕಂದಾಯ ನಕ್ಷೆಯಲ್ಲಿ ಅದರ ಹೆಸರಿಲ್ಲವೇಕೆ?
– ಓದುಗರೊಬ್ಬರು, ಮುಂಡರಗಿ ತಾಲ್ಲೂಕು

ಉತ್ತರ: ಕಂದಾಯ ನಕ್ಷೆಗೆ ಆಧಾರ ಮನೆಗಳಲ್ಲ, ಹೊಲಗಳು. ಬ್ರಿಟಿಷರ ಕಾಲದ ಮೋಜಣಿಯಲ್ಲಿ ಎಲ್ಲೆಕಲ್ಲು ನೆಟ್ಟು, ಸರ್ವೆ ನಂಬರು ಕೊಟ್ಟು, ಕಂದಾಯ ಗೊತ್ತುಪಡಿಸಿದ ಘಟಕವೇ ಗ್ರಾಮವೆನಿಸಿತು. ಆ ಎಲ್ಲೆಯೊಳಗೆ ಮೂಲ ಊರಿನಿಂದ ದೂರದಲ್ಲಿ ಬೆಳೆದ ತಾಂಡಾ, ಹಟ್ಟಿಗಳು ಅದರ ಮಜರೆಗಳಾಗಿಯೇ, ಅಂದರೆ ಆ ಊರಿಗೆ ಸೇರಿದ ಉಪಗ್ರಾಮಗಳಾಗಿಯೇ, ಉಳಿದವು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸಂಚರಿಸುತ್ತಿದ್ದ ಲಂಬಾಣಿಗರ ವ್ಯಾಪಾರವು ರಸ್ತೆ ಸುಧಾರಿಸಿ, 1880ರ ದಶಕದಲ್ಲಿ ಗದಗಕ್ಕೆ ರೈಲು ಬಂದ ಮೇಲೆ ಕುಸಿಯಿತು. ಮೇವು, ಕಟ್ಟಿಗೆ, ಹಳ್ಳದ ನೀರು ದೊರೆಯುವ ಗುಡ್ಡದಂಚುಗಳಲ್ಲಿ ಅವರು ನೆಲೆಸತೊಡಗಿದಾಗ ಬಯಲಿನ ಎರೆಹೊಲಗಳು ಬಹುಪಾಲು ಹಳೆಯ ಊರುಗಳ ಹೆಸರಿನಲ್ಲಿದ್ದವು.

ಇದಕ್ಕೆ ತದ್ವಿರುದ್ಧವಾದದ್ದು ಬೇಚರಾಕ್ ಗ್ರಾಮ. ದೀಪವಿಲ್ಲದ್ದು ಎಂಬರ್ಥದ ಪಾರಸಿ ಮೂಲದ ಈ ಹೆಸರಿನ ಊರುಗಳಲ್ಲಿ ಒಂದೂ ಮನೆಯಿಲ್ಲದಿದ್ದರೂ ದಾಖಲೆಯಲ್ಲಿ ಸ್ಥಾನವಿದೆ. ದೀಪ ಉರಿಯುವ ತಾಂಡಾಕ್ಕೆ ಅದಿಲ್ಲವೆಂಬುದು ನಿಜಕ್ಕೂ ನೋವಿನ ಸಂಗತಿ.

ಇಂಥ ಜನವಸತಿಗಳನ್ನು ಸರ್ಕಾರವು ಅಧಿಸೂಚನೆಯ ಮೂಲಕ ಕಂದಾಯ ಗ್ರಾಮವೆಂದು ಘೋಷಿಸಬಹುದು. ಇತ್ತೀಚಿನ ವರ್ಷಗಳಲ್ಲಿ ರಾಜ್ಯದ ಅನೇಕ ತಾಂಡಾಗಳು ಹೀಗೆ ಘೋಷಿತವಾಗಿವೆ. ನಿಮ್ಮ ಮನೆಗಳು ಯಾವ ಸರ್ವೆ ನಂಬರಿನಲ್ಲಿವೆ ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿ ಮೊದಲು ಖಚಿತಪಡಿಸಿಕೊಳ್ಳಿರಿ. ಅದು ಅರಣ್ಯಭೂಮಿಯಾಗಿದ್ದರೆ ದಾರಿ ಬೇರೆ. ಆಗ 2006ರ ಅರಣ್ಯ ಹಕ್ಕು ಕಾಯ್ದೆಯನ್ನು ನೋಡಬೇಕಾಗುತ್ತದೆ.