ನೆತ್ತಿ ಮೇಲಿನ ಆಕಾಶ ನಂಬಿ ಕಮರಿಗೆ ಇಳಿಯಬೇಡಿ

ಓದುಗರ ಪ್ರಶ್ನೆಗೆ ಚಾರಣ ತಜ್ಞರ ಉತ್ತರ

ನದಿ ಕಮರಿಗಳಿಗೆ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಕೆಲವೊಮ್ಮೆ ಹೊತ್ತುಕೊಂಡು ಬರುವುದೂ. ಈ ಸಲ ಬಂದ ಪ್ರಶ್ನೆಗಳ ಕಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಪ್ರಶ್ನೆ, ಬೇರೆ ಬೇರೆ ವೇಷದಲ್ಲಿ. ಅದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ. ಬೂಟು, ಟೋಪಿ, ಟಾರ್ಚು, ಕುಡಿಯುವ ನೀರು ಎಷ್ಟು ಬೇಕು ಎಂದು ಕೇಳಿದವರು ಕ್ಷಮಿಸಿ. ಅಷ್ಟೂ ಗೊತ್ತಿಲ್ಲದವರು ಮೊದಲು ಒಂದೆರಡು ಸಲ ಸಲೀಸಾದ ಬೆಟ್ಟ ಹತ್ತಿ ಬನ್ನಿ.

ಪ್ರಶ್ನೆ: ನಾವು ಆರು ಜನ ಗೆಳೆಯರು ಒಂದು ದಿನದ ಚಾರಣಕ್ಕೆ ನದಿ ಕಮರಿಯೊಂದನ್ನು ಆರಿಸಿಕೊಂಡಿದ್ದೇವೆ. ಆ ದಿನ ಅಲ್ಲಿ ಮಳೆಯ ಮುನ್ಸೂಚನೆ ಇಲ್ಲ. ನೀರು ಮೊಣಕಾಲುದ್ದವಷ್ಟೇ ಎಂದು ಹೋಗಿ ಬಂದವರು ಹೇಳಿದ್ದಾರೆ. ನಮ್ಮಲ್ಲಿ ನಾಲ್ವರಿಗೆ ಈಜು ಬರುತ್ತದೆ. ಧೈರ್ಯವಾಗಿ ಹೋಗಬಹುದಲ್ಲವೇ?

ನಿಮ್ಮ ಪ್ರಶ್ನೆಯಲ್ಲಿರುವ ‘ಅಲ್ಲಿ’ ಎಂಬ ಪದದ ಮೇಲೆ ಬೆರಳಿಡಿ. ಅಲ್ಲಿ ಅಂದರೆ ಎಲ್ಲಿ? ನೀವು ನಡೆಯುವ ಜಾಗದಲ್ಲಿ ತಾನೇ? ನಿಮ್ಮ ಕಾಲಡಿ ಹರಿಯುವ ನೀರು ಆ ಜಾಗದಲ್ಲಿ ಹುಟ್ಟಿದ್ದಲ್ಲ. ಹತ್ತಾರು ಕಿಲೋಮೀಟರ್ ಮೇಲಿನ ಗುಡ್ಡಗಳಲ್ಲಿ, ನಿಮ್ಮ ಕಣ್ಣಿಗೆ ಬೀಳದ ಹಳ್ಳಗಳಲ್ಲಿ ಬಿದ್ದ ಮಳೆ ಅದು. ಕಮರಿಯ ತಳದಲ್ಲಿ ನಿಂತವನಿಗೆ ಕಾಣುವ ಆಕಾಶ ಎರಡು ಗೋಡೆಗಳ ನಡುವಿನ ಒಂದು ನೀಲಿ ಪಟ್ಟಿ. ಆ ಪಟ್ಟಿ ನೋಡಿ ಹವಾಮಾನ ಹೇಳುವುದೆಂದರೆ ಬೀಗದ ಕಿಂಡಿಯಲ್ಲಿ ಇಣುಕಿ ಮನೆಯಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಿದ ಹಾಗೆ.

1997ರ ಆಗಸ್ಟ್ 12ರಂದು ಅಮೆರಿಕದ ಅರಿಝೋನಾದಲ್ಲಿರುವ ಆ್ಯಂಟಲೋಪ್ ಕಮರಿಯಲ್ಲಿ 11 ಮಂದಿ ಸತ್ತರು. ಮಳೆ ಸುರಿದದ್ದು ಅವರ ತಲೆಯ ಮೇಲಲ್ಲ, ಕಮರಿಯಿಂದ ಹಲವು ಕಿಲೋಮೀಟರ್ ಆಚೆ. ಎರಡು ವರ್ಷ ಕಳೆದು, 1999ರ ಜುಲೈ 27ರಂದು, ಸ್ವಿಟ್ಜರ್ಲೆಂಡಿನ ಇಂಟರ್ಲಾಕನ್ ಬಳಿಯ ಸಾಕ್ಸೆಟನ್ ಹಳ್ಳದಲ್ಲಿ 21 ಜನ ಕೊಚ್ಚಿಹೋದರು. ಅವರಲ್ಲಿ ಮೂವರು ಮಾರ್ಗದರ್ಶಕರು. ‘ಗೈಡ್ ಜೊತೆಗಿದ್ದಾರೆ, ಇನ್ನೇನು ಭಯ’ ಎಂದು ಬರೆದವರಿಗೂ ಇದರಲ್ಲೇ ಉತ್ತರವಿದೆ.

ಮಳೆಯೇ ಬೇಕೆಂದೂ ಇಲ್ಲ. 2014ರ ಜೂನ್ 8ರ ಸಂಜೆ ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದದ್ದು ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರಿಗೆ. ಬಿಸಿಲಿದ್ದರೂ, ಮೋಡವೇ ಇಲ್ಲದಿದ್ದರೂ ಗೇಟು ತೆಗೆಯುತ್ತಾರೆ. ವಿದ್ಯುತ್ತಿಗೆ ಬೇಡಿಕೆ ಏರುವ ಹೊತ್ತಿಗೆ ಜಲವಿದ್ಯುತ್ ಕೇಂದ್ರಗಳ ಕೆಳಗಿನ ನದಿ ಉಕ್ಕುವುದು ಅದರ ದಿನಚರಿ. ಇನ್ನು ಹಿಮ ಕರಗಿ ಹರಿಯುವ ನದಿಯಾದರೆ ಬೆಳಗ್ಗೆ ಹಾರಿ ದಾಟಿದ ತೊರೆ ಮಧ್ಯಾಹ್ನದ ಬಿಸಿಲಿಗೆ ಉಬ್ಬಿ, ಹಿಂದಿರುಗುವಾಗ ದಾಟಲು ಬಿಡುವುದಿಲ್ಲ.

ಆದ್ದರಿಂದ ಚಾರಣದ ಯೋಜನೆ ಶುರುವಾಗಬೇಕಾದದ್ದು ನೀವು ನಡೆಯುವ ದಾರಿಯ ನಕ್ಷೆಯಿಂದಲ್ಲ. ನದಿಯ ಗೆರೆಯನ್ನು ಮೇಲಕ್ಕೆ ಹಿಡಿದು ಹೋಗಿ. ಯಾವ ಯಾವ ಹಳ್ಳ ಬಂದು ಸೇರುತ್ತವೆ, ಯಾವ ಗುಡ್ಡದ ನೀರು ಇತ್ತ ಇಳಿಯುತ್ತದೆ, ಮಧ್ಯೆ ಅಣೆಕಟ್ಟು ಇದೆಯೇ, ನೋಡಿ. ಮುನ್ಸೂಚನೆ ಓದಬೇಕಾದದ್ದು ಆ ಮೇಲಿನ ಊರುಗಳದ್ದು. ಹಿಂದಿನ ಎರಡು ಮೂರು ದಿನ ಅಲ್ಲಿ ಮಳೆಯಾಗಿದೆಯೇ ಎಂದೂ ನೋಡಿ. ನೆಂದು ತೊಯ್ದ ನೆಲ ಮತ್ತೆ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ನೇರ ನದಿಗೆ. ಬರೀ ಬಂಡೆಯ ನಾಡಾದರೆ ಒಣಗಿದ್ದರೂ ಅಷ್ಟೇ. ಅಣೆಕಟ್ಟು ಇದ್ದರೆ ನೀರು ಬಿಡುವ ವೇಳೆಯನ್ನು ಅಲ್ಲಿನವರನ್ನೇ ವಿಚಾರಿಸಿ. ಉತ್ತರ ಸಿಗದಿದ್ದರೆ ನದಿಯ ಪಾತ್ರಕ್ಕೆ ಇಳಿಯದೆ ಮೇಲಿನ ಅಂಚಿನ ದಾರಿ ಹಿಡಿಯಿರಿ. ನಾನಂತೂ ಹಾಗೇ ಮಾಡುತ್ತೇನೆ. ಪುಕ್ಕಲ ಎಂದು ಕರೆಸಿಕೊಂಡು ಅಭ್ಯಾಸವಾಗಿದೆ.

ಇನ್ನು ಮೊಣಕಾಲುದ್ದದ ನೀರು. ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರು, ಅಂದರೆ ಅರ್ಧ ಮೊಣಕಾಲೂ ಮುಳುಗದಷ್ಟು, ದೊಡ್ಡವರನ್ನೂ ಕೆಡವಬಲ್ಲದು. ನೀರಿನ ವೇಗ ಎರಡರಷ್ಟಾದರೆ ಕಾಲನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಅಗಲವಾಗಿ ಹರಡಿಕೊಂಡು ಬಂದ ನದಿಗೆ ಕಮರಿಯಲ್ಲಿ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಅದು ಮೇಲೇರಬೇಕು, ಇಲ್ಲವೇ ಜೋರಾಗಿ ಓಡಬೇಕು, ಎರಡನ್ನೂ ಮಾಡುತ್ತದೆ. ಬಿದ್ದವನು ಮಾಡುವ ಮೊದಲ ತಪ್ಪು ಎದ್ದು ನಿಲ್ಲಲು ಹೋಗುವುದು. ತಳದ ಎರಡು ಕಲ್ಲುಗಳ ಸಂದಿಗೆ ಪಾದ ಸಿಕ್ಕಿದರೆ ಹಿಂದಿನಿಂದ ಬರುವ ನೀರು ಮುಖ ಅಡಿಯಾಗಿ ಮಲಗಿಸುತ್ತದೆ. ಸೊಂಟದುದ್ದದ ನೀರಿನಲ್ಲಿ ಆರಡಿ ಆಳು ಮುಳುಗಿ ಸಾಯುವುದು ಹೀಗೆ. ಬಿದ್ದರೆ ಅಂಗಾತ ತೇಲಿ. ಪಾದ ಮುಂದಕ್ಕೆ, ಹರಿವಿನ ದಿಕ್ಕಿಗೆ ಇರಲಿ. ಕೈಯಿಂದ ನೀರು ದೂಡುತ್ತ ದಡಕ್ಕೆ ಓರೆಯಾಗಿ ಸರಿಯಿರಿ. ಮುಂದೆ ಮರದ ದಿಮ್ಮಿ ಅಡ್ಡ ಬಿದ್ದಿದ್ದರೆ ಮಾತ್ರ ಈ ಮಾತು ಬಿಟ್ಟುಬಿಡಿ. ಆಗ ಮಗುಚಿಕೊಂಡು, ತಲೆ ಮುಂದಾಗಿ, ಇರುವ ಶಕ್ತಿಯನ್ನೆಲ್ಲ ಹಾಕಿ ಅದರ ಮೇಲೆ ಹತ್ತಬೇಕು. ದಿಮ್ಮಿಯ ಅಡಿಗೆ ಹೋದವರು ಆಚೆ ಕಡೆ ಏಳುವುದು ಅಪರೂಪ. ತೊರೆ ದಾಟುವ ಮುನ್ನ ಬೆನ್ನುಚೀಲದ ಸೊಂಟದ ಪಟ್ಟಿ ಬಿಚ್ಚಿಡಿ. ಬಿದ್ದಾಗ ಚೀಲ ಹೋಗಲಿ, ನೀವು ಉಳಿಯಿರಿ.

ಈಜು ಬರುತ್ತದೆ ಅಂದಿರಿ. ಈಜುಕೊಳದಲ್ಲಿ ಕಲಿತ ಈಜು ಈಜುಕೊಳಕ್ಕೇ ಸರಿ. ಜಲಪಾತದ ಬುಡದಲ್ಲಿ ನೊರೆ ಎದ್ದ ನೀರಿನ ತುಂಬ ಗಾಳಿಗುಳ್ಳೆ. ಅದು ಮಾಮೂಲಿ ನೀರಿನಷ್ಟು ನಿಮ್ಮನ್ನು ತೇಲಿಸುವುದಿಲ್ಲ, ಕೈ ಬೀಸಿದರೆ ಹಿಡಿತವೂ ಸಿಗುವುದಿಲ್ಲ.

ಅಪಾಯದ ಲಕ್ಷಣಗಳನ್ನು ಓದಿ ಉರು ಹೊಡೆಯುವುದಕ್ಕಿಂತ ಒಂದು ಅಭ್ಯಾಸ ಮಾಡಿಕೊಳ್ಳಿ. ನಾನು ಎಲ್ಲೇ ಕೂತರೂ ನೀರಂಚಿನಲ್ಲಿ ಒಂದು ಕಲ್ಲು ಇಡುತ್ತೇನೆ, ಮುಷ್ಟಿ ಗಾತ್ರದ್ದು, ಬಿಳಿಯದು ಸಿಕ್ಕರೆ ಒಳ್ಳೆಯದು. ಒಂದು ಸಲ ಹನ್ನೊಂದು ಮಂದಿಯ ಗುಂಪಿನ ಜೊತೆ ಚಪ್ಪಟೆ ಬಂಡೆಯೊಂದರ ಮೇಲೆ ಊಟಕ್ಕೆ ಕೂತಿದ್ದೆ. ಬಿಸಿಲು ಚೆನ್ನಾಗಿತ್ತು. ಡಬ್ಬಿ ತೆರೆಯುವಾಗ ಕಲ್ಲು ಒಣಗಿತ್ತು. ಅರ್ಧ ಊಟದಲ್ಲಿ ನೋಡಿದರೆ ಅದರ ಬುಡ ಒದ್ದೆ. ಯಾರೋ ಕಾಲಾಡಿಸಿ ಎರಚಿದ ನೀರಿರಬೇಕು ಅಂದುಕೊಂಡೆ. ನನಗೂ ಆ ಸೋಮಾರಿತನ ಇದೆ. ಮತ್ತೆ ನೋಡಿದಾಗ ಕಲ್ಲಿನ ಅರ್ಧ ನೀರಿನಲ್ಲಿತ್ತು, ಪಕ್ಕದಲ್ಲಿ ತರಗೆಲೆ, ಪುಳ್ಳೆ ಕಡ್ಡಿ ತೇಲಿ ಬರುತ್ತಿದ್ದವು. ಹಸಿರಾಗಿದ್ದ ನೀರಿಗೆ ಟೀ ಬಣ್ಣ. ಏಳಿ ಅಂದೆ. ಒಬ್ಬರು ‘ಇನ್ನೊಂದು ಫೋಟೊ ಸಾರ್’ ಅಂದರು. ಬೈದು ಎಬ್ಬಿಸಿದೆ. ಎಲ್ಲರೂ ಮೇಲಿನ ಮರದ ಬೇರು ಹಿಡಿದು ಹತ್ತಿ ತಿರುಗಿ ನೋಡುವ ಹೊತ್ತಿಗೆ ನಾವು ಕೂತಿದ್ದ ಬಂಡೆ ಕಾಣಿಸಲಿಲ್ಲ, ಒಂದು ಊಟದ ಡಬ್ಬಿ ಮಾತ್ರ ನೊರೆಯಲ್ಲಿ ಗಿರಗಿರ ತಿರುಗುತ್ತಿತ್ತು. ಆ ಡಬ್ಬಿಯ ಒಡತಿ ಇವತ್ತಿಗೂ ನನಗೆ ಅದನ್ನು ನೆನಪಿಸುತ್ತಾರೆ.

ಬಣ್ಣ, ಕಸ, ಮೇಲಿನಿಂದ ಬರುವ ಗುಡುಗಿನಂಥ ಸದ್ದು, ಇದ್ದಕ್ಕಿದ್ದಂತೆ ಬೀಸುವ ತಣ್ಣನೆಯ ಗಾಳಿ, ಇವೆಲ್ಲ ಸುಳಿವುಗಳೇ. ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ: ನೀರು ಹಠಾತ್ತಾಗಿ ಇಳಿದುಹೋಗುವುದು. ಮೇಲೆಲ್ಲೋ ಗುಡ್ಡ ಕುಸಿದು ಹರಿವಿಗೆ ಅಡ್ಡ ಕಟ್ಟಿದ್ದರೂ ಹಾಗಾಗುತ್ತದೆ, ಆ ಕಟ್ಟೆ ಒಡೆದರೆ ಗತಿಯೇನು ಯೋಚಿಸಿ. ಇಂಥ ಹೊತ್ತಿನಲ್ಲಿ ಕೆಳಮುಖವಾಗಿ ಓಡಬೇಡಿ, ನೀರು ನಿಮಗಿಂತ ಜೋರಾಗಿ ಓಡುತ್ತದೆ. ಚೀಲ, ಬೂಟು, ಕ್ಯಾಮೆರಾ ಅಲ್ಲೇ ಬಿಟ್ಟು ಮೇಲಕ್ಕೆ ಹತ್ತಿ. ಎಷ್ಟು ಮೇಲಕ್ಕೆ ಎಂದರೆ, ದಡದ ಮರಗಳ ಕೊಂಬೆಗಳಲ್ಲಿ ಸಿಕ್ಕಿಕೊಂಡ ಒಣ ಹುಲ್ಲು, ಪ್ಲಾಸ್ಟಿಕ್ ಚೂರು ಕಾಣುತ್ತದಲ್ಲ, ಹಿಂದಿನ ನೆರೆ ಮುಟ್ಟಿದ ಗುರುತು ಅದು. ಅದಕ್ಕಿಂತ ಸಾಕಷ್ಟು ಮೇಲೆ. ಒಳಗೆ ನಡೆಯುವಾಗಲೇ ಪ್ರತಿ ತಿರುವಿನಲ್ಲಿ ‘ಈಗ ನೀರು ಬಂದರೆ ಎಲ್ಲಿ ಹತ್ತುತ್ತೇನೆ’ ಎಂದು ಕಣ್ಣಿನಲ್ಲೇ ಗುರುತು ಮಾಡಿಕೊಳ್ಳಿ. ಎರಡೂ ಕಡೆ ನುಣುಪು ಗೋಡೆಯೇ ಇದ್ದು, ಹತ್ತುವ ಜಾಗವೇ ಇಲ್ಲದ ಭಾಗ ಬಂದರೆ ಅಲ್ಲಿ ಊಟವಿಲ್ಲ, ಫೋಟೊವಿಲ್ಲ, ಬೇಗ ದಾಟಿ ಮುಂದೆ ನಡೆಯಿರಿ.

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ‘ನೀರು ಮೊಣಕಾಲುದ್ದ’ ಎಂಬುದು ಹೋಗಿ ಬಂದವರ ದಿನದ ಸುದ್ದಿ, ನಿಮ್ಮ ದಿನದ್ದಲ್ಲ.

ಪ್ರಶ್ನೆ: ತೊರೆ ದಾಟುವಾಗ ಎಲ್ಲರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ಸುರಕ್ಷಿತವಲ್ಲವೇ?

ಅಲ್ಲ. ಬಿದ್ದವನನ್ನು ಹಗ್ಗ ಹಿಡಿದು ನಿಲ್ಲಿಸಿದರೆ ನೀರು ಅವನನ್ನು ಅಲ್ಲೇ ಅಡಿಗೆ ಒತ್ತುತ್ತದೆ, ಉಳಿದವರನ್ನೂ ಎಳೆದುಕೊಳ್ಳುತ್ತದೆ. ಪಕ್ಕನೆ ಬಿಚ್ಚಿಕೊಳ್ಳುವ ವಿಶೇಷ ಪಟ್ಟಿ ಮತ್ತು ತರಬೇತಿ ಇದ್ದವರ ಮಾತು ಬೇರೆ. ಹಗ್ಗ ಬೇಕೆನಿಸುವಂಥ ತೊರೆಯನ್ನು ದಾಟದಿರುವುದೇ ಸರಿ.

ಪ್ರಶ್ನೆ: ಆ್ಯಪ್ ಪ್ರಕಾರ ಹೋಗಿ ಬರಲು 14 ಕಿ.ಮೀ., ಮೂರೂವರೆ ಗಂಟೆ. ಹನ್ನೊಂದಕ್ಕೆ ಹೊರಟರೆ ಸಾಕೇ?

ಸಾಲದು. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಒಂದು ಲೆಕ್ಕ ಕೊಟ್ಟರು: ಗಂಟೆಗೆ ಸುಮಾರು 5 ಕಿ.ಮೀ., ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಲೆಕ್ಕ ಗಟ್ಟಿ ಕಾಲಿನವರಿಗೆ, ಒಳ್ಳೆಯ ದಾರಿಗೆ. ಪಾಚಿ ಹಿಡಿದ ಹೆಬ್ಬಂಡೆಗಳ ಮೇಲೆ ಕೈಕಾಲು ಊರಿಕೊಂಡು ಸಾಗುವಾಗ ಗಂಟೆಗೆ ಒಂದೂವರೆ ಕಿಲೋಮೀಟರ್ ಆದರೆ ನಾನು ಖುಷಿಪಡುತ್ತೇನೆ. ಬೆಟ್ಟದಲ್ಲಿ ಸುಸ್ತಾಗುವುದು ಮೊದಲು, ಇಳಿಜಾರು ಆಮೇಲೆ. ಕಮರಿಯಲ್ಲಿ ಇದು ತಿರುಗುಮುರುಗು: ಹುರುಪಿನಲ್ಲಿ ಇಳಿದು, ದಣಿದ ಕಾಲಿನಲ್ಲಿ ಹತ್ತಬೇಕು. ಇಳಿಯಲು ಒಂದು ಗಂಟೆಯಾದರೆ ಹತ್ತಲು ಎರಡು ಎಂದಿಟ್ಟುಕೊಳ್ಳಿ. ಬಿಸಿಲು ಗೋಡೆಗಳ ನಡುವಿಂದ ಬೇಗ ಹೊರಟುಹೋಗುತ್ತದೆ, ಮೇಲೆ ಇನ್ನೂ ಹಗಲಿರುವಾಗಲೇ ಕೆಳಗೆ ಮುಸ್ಸಂಜೆ. ಬೆಳಕು ಹರಿಯುವಾಗ ಹೊರಡಿ, ಹಿಂದಿರುಗುವ ಗಂಟೆಯನ್ನು ಮನೆಯಲ್ಲೇ ತೀರ್ಮಾನಿಸಿ. ಆ ಗಂಟೆ ಬಾರಿಸಿದಾಗ ಜಲಪಾತ ಇನ್ನೊಂದೇ ತಿರುವಿನಾಚೆ ಇದ್ದರೂ ತಿರುಗಿ. ‘ಇಷ್ಟು ಹೊತ್ತಿಗೆ ಸುದ್ದಿ ಬರದಿದ್ದರೆ ಪೊಲೀಸರಿಗೆ ತಿಳಿಸು’ ಎಂದು ಒಬ್ಬರ ಬಳಿ ಬರೆದುಕೊಟ್ಟು ಹೋಗಿ, ಯಾಕೆಂದರೆ ಕೆಳಗೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಜಿಪಿಎಸ್ ಕೂಡ ಅಷ್ಟೇ. ಉಪಗ್ರಹದ ಸಂಕೇತ ಕಲ್ಲಿನ ಗೋಡೆಗೆ ಬಡಿದು ಸುತ್ತಿಬರುವುದರಿಂದ ಅದು ನಿಮ್ಮನ್ನು ನದಿಯ ಆಚೆ ದಡದಲ್ಲಿ ತೋರಿಸಿದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ಬಂಡೆಯಿಂದ ಮಡುವಿಗೆ ಹಾರುವ ವಿಡಿಯೊ ಮಾಡಬೇಕೆಂದಿದ್ದೇವೆ. ಎಷ್ಟು ಆಳ ಇದ್ದರೆ ಸರಿ?

ಬೇಡ. ಹೋದ ವರ್ಷ ಆಳವಿದ್ದ ಮಡುವಿಗೆ ಈ ವರ್ಷದ ನೆರೆ ಬಂಡೆ ತಂದು ಹಾಕಿರುತ್ತದೆ.

ಪ್ರಶ್ನೆ: ಹರಿಯುವ ನೀರು ಶುದ್ಧ, ಹಾಗೇ ಕುಡಿಯಬಹುದು ಅನ್ನುತ್ತಾರೆ.

ಮೇಲಿನ ತಿರುವಿನಲ್ಲಿ ಸತ್ತು ಬಿದ್ದ ಪ್ರಾಣಿ ನಿಮಗೆ ಕಾಣುವುದಿಲ್ಲ. ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಿ ಕುಡಿಯಿರಿ.

ಪ್ರಶ್ನೆ: ಹಾವು ಕಚ್ಚಿದರೆ ವಿಷ ಹೀರುವ ಕಲ್ಲು ಒಂದು ಸಿಕ್ಕಿದೆ. ಚೀಲದಲ್ಲಿ ಇಟ್ಟುಕೊಳ್ಳಲೇ?

ನೀರಂಚಿನಲ್ಲಿ ಇಡಲು ಕಲ್ಲು ಬೇಕು ಅಂದೆನಲ್ಲ, ಅದಕ್ಕೆ ಬಳಸಿ. ಅದನ್ನು ಮಾರಿದವನು ನಿಮ್ಮ ದುಡ್ಡು ಹೀರಿದ್ದಾನೆ, ಅದು ವಿಷ ಹೀರುವುದಿಲ್ಲ. ಕೊಯ್ಯುವುದು, ಬಾಯಿಂದ ಎಳೆಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ, ಗಡಿಯಾರ ತೆಗೆಯಿರಿ, ಮುರಿದ ಕೈಗೆ ಕಟ್ಟುವ ಹಾಗೆ ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಿ, ಆದಷ್ಟೂ ನಡೆಸದೆ ಹೊತ್ತು ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸಿ.

ಪ್ರಶ್ನೆ: ಮುಳುಗಿದವರನ್ನು ತಲೆಕೆಳಗಾಗಿಸಿ ಹೊಟ್ಟೆ ಒತ್ತಿ ನೀರು ತೆಗೆಯಬೇಕಂತೆ?

ಯಾವ ಮಹಾನುಭಾವ ಇದನ್ನು ಇನ್ನೂ ಕಲಿಸುತ್ತಿದ್ದಾನೋ! ಮುಳುಗಿದವನಿಗೆ ಕೊರತೆ ಉಸಿರಿನದು. ಹೊಟ್ಟೆ ಒತ್ತಿದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷಗಳೂ ಹೋಗುತ್ತವೆ. ಅಂಗಾತ ಮಲಗಿಸಿ; ಉಸಿರಾಟ ಇಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಊದಿ, ಆಮೇಲೆ ಎದೆಯ ನಡುವೆ 30 ಸಲ ಒತ್ತಿ ಎರಡು ಸಲ ಊದುತ್ತ ನೆರವು ಬರುವವರೆಗೆ ಮುಂದುವರಿಸಿ. ಓದಿ ಕಲಿಯುವ ವಿದ್ಯೆಯಲ್ಲ ಇದು. ಒಂದು ದಿನ ತರಬೇತಿಗೆ ಹೋಗಿ.

ಪ್ರಶ್ನೆ: ಇಷ್ಟು ದೂರ ಹೋದ ಮೇಲೆ ತುಂತುರು ಮಳೆಗೆ ಕಮರಿಯ ಗೇಟು ಮುಚ್ಚುವುದು ಅನ್ಯಾಯವಲ್ಲವೇ?

ಗ್ರೀಸಿನ ಕ್ರೀಟ್ ದ್ವೀಪದ ಸಮರಿಯಾ ಕಮರಿ ಸುಮಾರು 16 ಕಿ.ಮೀ. ಉದ್ದದ ಪ್ರಸಿದ್ಧ ಚಾರಣ. ಚಳಿಗಾಲದಲ್ಲಿ ಅದನ್ನು ಮುಚ್ಚಿಯೇ ಇಡುತ್ತಾರೆ, ಉಳಿದ ಕಾಲದಲ್ಲೂ ಹವೆ ಕೆಟ್ಟರೆ ಬಾಗಿಲು ಹಾಕುತ್ತಾರೆ. ಮುಚ್ಚುವವರಿಗೆ ನನ್ನ ನಮಸ್ಕಾರ.

ಪ್ರಶ್ನೆ: ನೀವು ಬರೀ ಹೆದರಿಸುತ್ತೀರಿ. ಕಮರಿಯಲ್ಲಿ ಸಂತೋಷಪಡುವುದು ಹೇಗೆಂದು ಒಮ್ಮೆಯಾದರೂ ಬರೆಯಿರಿ.

ಕೊನೆಯ ಜಲಪಾತ ಮುಟ್ಟಲೇಬೇಕೆಂಬ ಹಟ ಬಿಡಿ. ಬೆಳಗ್ಗೆ ಎಂಟೂವರೆ ಒಂಬತ್ತರ ಸುಮಾರಿಗೆ ಬಿಸಿಲು ಒಂದು ಗೋಡೆಯ ನೆತ್ತಿಗೆ ಮಾತ್ರ ಬಿದ್ದು, ಅಲ್ಲಿಂದ ಪುಟಿದು ಎದುರಿನ ನೆರಳಿನ ಗೋಡೆಗೆ ಬರುತ್ತದೆ. ಆ ಹೊತ್ತಿನಲ್ಲಿ ನೆರಳಿನ ಕಲ್ಲು ತಾನೇ ಒಳಗಿಂದ ಹೊತ್ತಿಕೊಂಡಂತೆ ಕೆಂಪಗೆ ಕಾಣುತ್ತದೆ. ನದಿ ಬಾಗುವ ಕಡೆ, ನೆರೆಯ ಗುರುತಿಗಿಂತ ಮೇಲಿರುವ ಚಾಚುಬಂಡೆ ಹುಡುಕಿ ಕೂತುಕೊಳ್ಳಿ, ಅಲ್ಲಿಂದ ಎರಡೂ ದಿಕ್ಕಿನ ನೀರು ಕಾಣುತ್ತದೆ. ಹತ್ತು ನಿಮಿಷ ಯಾರೂ ಮಾತಾಡಬೇಡಿ. ಅಷ್ಟರಲ್ಲಿ ಮಿಂಚುಳ್ಳಿಯೊಂದು ನೀರಿಗೆ ಒಂದು ಮೊಳ ಮೇಲೆ ಗೆರೆ ಎಳೆದಂತೆ ಹಾದುಹೋಗಬಹುದು. ಬಿಳಿ ಕಲ್ಲು ಇಟ್ಟಿದ್ದೀರಿ ತಾನೇ?