ರೈಜೆನ್ 5 5600ಎಕ್ಸ್: ಪೂರ್ತಿ ಹೊರೆಯಲ್ಲಿ ನಿಲ್ಲುವ ಓವರ್‌ಕ್ಲಾಕ್ ಸುಮ್ಮನಿದ್ದಾಗ ಬೀಳುವುದೇಕೆ?

ಬಿ550 ಮದರ್‌ಬೋರ್ಡಿನಲ್ಲಿ ಎಎಂಡಿಯ ರೈಜೆನ್ 5 5600ಎಕ್ಸ್ ಪ್ರೊಸೆಸರ್ ಹಾಕಿ, ಅದನ್ನು ಓವರ್‌ಕ್ಲಾಕ್ ಮಾಡಲು (ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸಲು), ಕೋರ್‌ಗಳ ವೋಲ್ಟೇಜನ್ನು ಹೆಜ್ಜೆಗಳಲ್ಲಿ ಹೊಂದಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 30 ಕೊಟ್ಟು, ಬೂಸ್ಟ್ ಮಿತಿಯನ್ನು (ಕೋರ್ ತಾನಾಗಿ ಏರಬಹುದಾದ ಗರಿಷ್ಠ ವೇಗವನ್ನು) 200 ಮೆಗಾಹರ್ಟ್ಸ್ ಏರಿಸಿದ್ದೀರಿ. ಸಿನೆಬೆಂಚ್ ಎಂಬ ವೇಗ ಪರೀಕ್ಷೆ ತೊಂದರೆಯಿಲ್ಲದೆ ಮುಗಿಯುತ್ತದೆ, ಆದರೆ ಬ್ರೌಸರ್ ತೆರೆದಿಟ್ಟು ಸುಮ್ಮನಿದ್ದಾಗ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ. ಇದರ ಬದಲು, ಸ್ನೇಹಿತರು ಹೇಳಿದಂತೆ ಎಲ್ಲ ಕೋರ್‌ಗಳನ್ನೂ 1.4 ವೋಲ್ಟ್‌ನಲ್ಲಿ 4.7 ಗಿಗಾಹರ್ಟ್ಸ್‌ಗೆ ನಿಲ್ಲಿಸಿಬಿಡಬಹುದೇ ಎಂದೂ ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಹಾಗೆ ಮಾಡಬೇಡಿ.

1.4 ವೋಲ್ಟ್ ಸುರಕ್ಷಿತ ಎಂಬ ನಂಬಿಕೆ ಎಲ್ಲಿಂದ ಬಂತೆಂಬುದು ಅರ್ಥವಾಗುವಂಥದ್ದೇ. ಯಾವ ಬದಲಾವಣೆಯನ್ನೂ ಮಾಡದ ಪ್ರೊಸೆಸರ್‌ನಲ್ಲಿಯೂ ಹಗುರ ಕೆಲಸದ ವೇಳೆ, ಯಂತ್ರದ ಅಳತೆಗಳನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ 1.4 ವೋಲ್ಟ್‌ಗಿಂತ ಹೆಚ್ಚು ತೋರಿಸುವುದುಂಟು. ಆದರೆ ಆಗ ಹರಿಯುತ್ತಿರುವ ಕರೆಂಟ್ ಅತಿ ಕಡಿಮೆ. ಆರೂ ಕೋರ್‌ಗಳ ಮೇಲೆ ಹೊರೆ ಬಿದ್ದ ಕೂಡಲೇ ಪ್ರೊಸೆಸರ್ ತಾನೇ ವೋಲ್ಟೇಜನ್ನು ಇಳಿಸಿಕೊಳ್ಳುತ್ತದೆ. ನೀವು 1.4ನ್ನು ಸ್ಥಿರಗೊಳಿಸಿದರೆ ಆ ಇಳಿಕೆ ನಡೆಯುವುದಿಲ್ಲ, ಹೆಚ್ಚಿನ ವೋಲ್ಟೇಜ್, ಹೆಚ್ಚಿನ ಕರೆಂಟ್ ಮತ್ತು ಹೆಚ್ಚಿನ ಶಾಖ ಮೂರೂ ಒಟ್ಟಿಗೆ ಬರುತ್ತವೆ. ಚಿಪ್ಪಿನೊಳಗಿನ ಸೂಕ್ಷ್ಮ ಲೋಹದ ತಂತಿಗಳಲ್ಲಿ ಪರಮಾಣುಗಳು ನಿಧಾನವಾಗಿ ಸ್ಥಾನಪಲ್ಲಟಗೊಳ್ಳಲು ಬೇಕಾದ ಪರಿಸ್ಥಿತಿ ಅದೇ, ಮತ್ತು ಆ ಹಾನಿಯನ್ನು ಸರಿಪಡಿಸಲು ಬರುವುದಿಲ್ಲ. ಬಳಕೆಯಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 1.25ರಿಂದ 1.4 ವೋಲ್ಟ್‌ಗೆ ಹೋದರೆ ವೇಗ ಒಂದಿಷ್ಟೂ ಹೆಚ್ಚದಿದ್ದರೂ ಶಾಖ ಸುಮಾರು ಕಾಲು ಭಾಗದಷ್ಟು ಹೆಚ್ಚುತ್ತದೆ. ಇದರ ಮೇಲೆ, ಒಂದೇ ಕೋರ್ ಕೆಲಸ ಮಾಡುವಾಗ ಇನ್ನೂ ಮೇಲಕ್ಕೆ ಹೋಗುವ ಸಾಮರ್ಥ್ಯವನ್ನೂ ನೀವು ಕೈಯಾರೆ ಬಿಟ್ಟುಕೊಟ್ಟಂತಾಗುತ್ತದೆ.

ಇನ್ನು ನಿಮ್ಮ ರೀಸ್ಟಾರ್ಟ್ ಸಮಸ್ಯೆ. ಸಿನೆಬೆಂಚ್ ಎಲ್ಲ ಕೋರ್‌ಗಳನ್ನೂ ದುಡಿಸುತ್ತದೆ. ವಿದ್ಯುತ್ ಮಿತಿಯ ಕಾರಣ ಅವು ಗರಿಷ್ಠ ವೇಗಕ್ಕಿಂತ ಕೆಳಗೇ ಉಳಿಯುತ್ತವೆ. ಸುಮ್ಮನಿರುವ ಕಂಪ್ಯೂಟರಿನಲ್ಲಾದರೋ ಯಾವುದೋ ಹಿನ್ನೆಲೆ ಕೆಲಸಕ್ಕಾಗಿ ಒಂದು ಕೋರ್ ಕ್ಷಣಕಾಲ 4.8 ಗಿಗಾಹರ್ಟ್ಸ್ ಆಸುಪಾಸಿಗೆ ಜಿಗಿಯುತ್ತದೆ, ಮತ್ತು ಮೈನಸ್ 30ರಿಂದಾಗಿ ಆ ವೇಗಕ್ಕೆ ಬೇಕಾದ ವೋಲ್ಟೇಜ್ ಅದಕ್ಕೆ ಸಿಗುವುದಿಲ್ಲ. ಕರ್ವ್ ಆಪ್ಟಿಮೈಸರಿನ ಒಂದೊಂದು ಹೆಜ್ಜೆಯೂ ಸುಮಾರು 3ರಿಂದ 5 ಮಿಲಿವೋಲ್ಟ್ ಆಗಿರುವುದರಿಂದ ಮೂವತ್ತು ಹೆಜ್ಜೆ ಸಣ್ಣ ಇಳಿಕೆಯಲ್ಲ. ವಿಂಡೋಸಿನ ಈವೆಂಟ್ ವ್ಯೂವರ್ ತೆರೆದು, ರೀಸ್ಟಾರ್ಟ್ ಆದ ಹೊತ್ತಿನಲ್ಲಿ ವ್ಹಿಯಾ-ಲಾಗರ್ (WHEA-Logger) ಹೆಸರಿನ 18ನೇ ಸಂಖ್ಯೆಯ ದೋಷ ದಾಖಲಾಗಿದೆಯೇ ನೋಡಿ. ಅದರಲ್ಲಿ ಕಾಣುವ ಎಪಿಐಸಿ ಐಡಿ (APIC ID) ಎಂಬ ಸಂಖ್ಯೆಯನ್ನು ಎರಡರಿಂದ ಭಾಗಿಸಿದರೆ, ಸಾಮಾನ್ಯವಾಗಿ, ಸೋತ ಕೋರ್ ಯಾವುದೆಂಬುದು ತಿಳಿಯುತ್ತದೆ.

ಈಗ ಎಲ್ಲವನ್ನೂ ಮೂಲಸ್ಥಿತಿಗೆ ತನ್ನಿ. ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಹಳೆಯದಾಗಿದ್ದರೆ ನವೀಕರಿಸಿ. ಕರೆಂಟ್ ಹೋಗುವ ಊರಾದರೆ ಆ ಕೆಲಸವನ್ನು ಯುಪಿಎಸ್ ಇಲ್ಲದೆ ಮಾಡಬೇಡಿ. ರ‍್ಯಾಮ್ ವಿಷಯವನ್ನು ಹಲವರು ಮರೆಯುತ್ತಾರೆ. ಈ ಪ್ರೊಸೆಸರ್‌ಗೆ ಅಧಿಕೃತ ಬೆಂಬಲವಿರುವುದು ಡಿಡಿಆರ್4-3200ರವರೆಗೆ ಮಾತ್ರ, ಆದ್ದರಿಂದ ನಿಮ್ಮ ರ‍್ಯಾಮನ್ನು 3600ರ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಎಂಬ ಸಿದ್ಧ ಹೊಂದಾಣಿಕೆ ಕೂಡ ಒಂದು ಓವರ್‌ಕ್ಲಾಕೇ. ಪ್ರೊಸೆಸರಿನ ಕೆಲಸ ಮುಗಿಯುವವರೆಗೆ ಅದನ್ನು ಆರಿಸಿಡಿ, ಆಮೇಲೆ ಪ್ರತ್ಯೇಕವಾಗಿ ಪರೀಕ್ಷಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾರದೆಂದು ಗೊತ್ತಾಗುವುದೇ ಇಲ್ಲ.

ನಂತರ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಅಂದರೆ ಪ್ರೊಸೆಸರಿನ ವಿದ್ಯುತ್ ಮಿತಿಗಳನ್ನು ಏರಿಸುವ ಆಯ್ಕೆ. ಮೂಲ ಮಿತಿಗಳು 76 ವ್ಯಾಟ್ ಪಿಪಿಟಿ (ಒಟ್ಟು ವಿದ್ಯುತ್), 60 ಆಂಪಿಯರ್ ಟಿಡಿಸಿ (ನಿರಂತರ ಕರೆಂಟ್), 90 ಆಂಪಿಯರ್ ಇಡಿಸಿ (ಕ್ಷಣಿಕ ಗರಿಷ್ಠ ಕರೆಂಟ್). "ಮದರ್‌ಬೋರ್ಡ್ ಮಿತಿ" ಎಂಬ ಆಯ್ಕೆಯನ್ನು ಒತ್ತದೆ, ಪಿಪಿಟಿಯನ್ನು 100 ವ್ಯಾಟ್‌ನ ಹತ್ತಿರ ಇಟ್ಟು ಉಳಿದೆರಡನ್ನು ಅದೇ ಪ್ರಮಾಣದಲ್ಲಿ ಏರಿಸಿ ಎಂಬುದು ನನ್ನ ಸಲಹೆ. ಪ್ರೊಸೆಸರಿನ ಗರಿಷ್ಠ ಉಷ್ಣತೆ 95 ಡಿಗ್ರಿಯಾದರೂ, ನೀವು ಬಳ್ಳಾರಿಯವರೆಂದು ಬರೆದಿರುವುದರಿಂದ, ಅಲ್ಲಿನ ಏಪ್ರಿಲ್-ಮೇ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಂಡು ಬಯಾಸಿನಲ್ಲೇ ಮಿತಿಯನ್ನು 85ಕ್ಕೆ ನಿಗದಿಪಡಿಸುವುದು ಒಳ್ಳೆಯದು. ಎಷ್ಟೇ ಒಳ್ಳೆಯ ಕೂಲರ್ ಆದರೂ ಕೋಣೆಯ ಉಷ್ಣತೆಗಿಂತ ಕೆಳಗೆ ತಣಿಸಲಾರದು.

ಕರ್ವ್ ಆಪ್ಟಿಮೈಸರಿನಲ್ಲಿ ಪ್ರತಿ ಕೋರನ್ನೂ ಬೇರೆಯಾಗಿ ಹೊಂದಿಸಿ. ಎಎಂಡಿಯ ರೈಜೆನ್ ಮಾಸ್ಟರ್ ತಂತ್ರಾಂಶ ಗುರುತಿಸಿ ತೋರಿಸುವ ಎರಡು ಉತ್ತಮ ಕೋರ್‌ಗಳು ಸಾಮಾನ್ಯವಾಗಿ ಈಗಾಗಲೇ ಕಡಿಮೆ ವೋಲ್ಟೇಜಿನಲ್ಲಿ ಓಡುತ್ತಿರುತ್ತವೆ, ಹಾಗಾಗಿ ಅವುಗಳಿಗೆ ಮೈನಸ್ 5, ಉಳಿದವಕ್ಕೆ ಮೈನಸ್ 10 ಕೊಟ್ಟು ಆರಂಭಿಸಿ. ಬೂಸ್ಟ್ ಮಿತಿಯ ಏರಿಕೆಯನ್ನು ಸದ್ಯಕ್ಕೆ ಸೊನ್ನೆಯಲ್ಲೇ ಬಿಡಿ. ಪರೀಕ್ಷೆಗೆ ಕೋರ್‌ಸೈಕ್ಲರ್ ಬಳಸಿ. ಅದು ಒಂದು ಸಲಕ್ಕೆ ಒಂದೇ ಕೋರಿನ ಮೇಲೆ ಪ್ರೈಮ್95 ಎಂಬ ಭಾರೀ ಲೆಕ್ಕದ ಪರೀಕ್ಷೆಯನ್ನು ಓಡಿಸುವುದರಿಂದ ಆ ಕೋರ್ ತನ್ನ ಗರಿಷ್ಠ ವೇಗಕ್ಕೆ ಏರಿ ಅಲ್ಲಿಯೇ ಪರೀಕ್ಷೆಗೊಳಗಾಗುತ್ತದೆ. ರಾತ್ರಿಯಿಡೀ ಓಡಲು ಬಿಡಿ. ತಪ್ಪಿಲ್ಲದೆ ಮುಗಿದರೆ ಐದೈದು ಹೆಜ್ಜೆ ಕೆಳಗಿಳಿಯಿರಿ, ತಪ್ಪು ಬಂದ ಕೋರನ್ನು ಮಾತ್ರ ಐದು ಹೆಜ್ಜೆ ಹಿಂದಕ್ಕೆ ತನ್ನಿ. ಪ್ರತಿ ಹಂತದಲ್ಲೂ ಸಿನೆಬೆಂಚ್ ಅಂಕವನ್ನು ಬರೆದಿಡಿ. ತೋರುವ ವೇಗ ಹೆಚ್ಚಿದ್ದರೂ ಅಂಕ ಇಳಿದರೆ, ವೋಲ್ಟೇಜ್ ಸಾಲದೆ ಪ್ರೊಸೆಸರ್ ಒಳಗೊಳಗೇ ನಿಧಾನಿಸುತ್ತಿದೆ ಎಂದರ್ಥ. ನಿಜವಾದ ವೇಗವನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋದ "ಎಫೆಕ್ಟಿವ್ ಕ್ಲಾಕ್" ಸಾಲು ಅದನ್ನು ದೃಢಪಡಿಸುತ್ತದೆ.

ರೀಸ್ಟಾರ್ಟ್ ಆಗುವ ಅಸ್ಥಿರತೆಗಿಂತ, ಕಾಣದಂತೆ ಲೆಕ್ಕ ತಪ್ಪಿ ಫೈಲುಗಳನ್ನು ಕೆಡಿಸುವ ಅಸ್ಥಿರತೆ ಹೆಚ್ಚು ಅಪಾಯಕಾರಿ. ನಿಮ್ಮ ಕಾಲೇಜಿನ ಪ್ರಾಜೆಕ್ಟ್ ಇದೇ ಯಂತ್ರದಲ್ಲಿರುವುದರಿಂದ, ಮೊದಲು ಬೇರೊಂದು ಡಿಸ್ಕಿಗೆ ಬ್ಯಾಕಪ್ ತೆಗೆದುಕೊಳ್ಳಿ. ಈ ಓವರ್‌ಡ್ರೈವ್‌ನಿಂದಾದ ಹಾನಿಗೆ ಎಎಂಡಿಯ ವಾರಂಟಿ ಅನ್ವಯಿಸುವುದಿಲ್ಲ ಎಂಬುದೂ ನಿಮಗೆ ತಿಳಿದಿರಲಿ.

ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತ ಹೊಂದಾಣಿಕೆಯನ್ನು ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಪರೀಕ್ಷಿಸಿ. ಪ್ರೊಸೆಸರ್ ತಣ್ಣಗಿದ್ದಷ್ಟೂ ಬೂಸ್ಟ್ ಮೇಲೇರುತ್ತದೆ. ಬಿಸಿಯಲ್ಲಿ ಎಂದೂ ತಲುಪದ ವೇಗವನ್ನು ಚಳಿಗಾಲದ ಬೆಳಗ್ಗೆ ತಲುಪಿ, ಅಲ್ಲಿ ವೋಲ್ಟೇಜ್ ಸಾಲದೆ ಬೀಳುವ ಸಾಧ್ಯತೆಯಿದೆ. ಹಾಗಾದರೆ, ಆ ಒಂದು ಕೋರಿಗೆ ಮಾತ್ರ ಎರಡು ಮೂರು ಹೆಜ್ಜೆ ವಾಪಸ್ ಕೊಟ್ಟರೆ ಸಾಕಾಗುತ್ತದೆ.