ಚದುರಂಗದ ಅಕ್ಕಿಕಾಳು ಮತ್ತು 641

ಪತ್ರ: ಚದುರಂಗದ 64 ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ದುಪ್ಪಟ್ಟು ಮಾಡುತ್ತಾ ಅಕ್ಕಿಕಾಳು ಇಟ್ಟರೆ ಒಟ್ಟು 1,84,46,74,40,73,70,95,51,615 ಕಾಳು ಎಂದು ಬರೆದಿದ್ದಿರಿ. ನಾನು, ಒಂಬತ್ತನೇ ಕ್ಲಾಸಿನ ನನ್ನ ಮಗಳು ಇದರ ಅಪವರ್ತನ ಹುಡುಕಲು ಕೂತೆವು. 5 ಸಿಕ್ಕಿತು, 3 ಸಿಕ್ಕಿತು. ಮುಂದೆ ದಾರಿ ಕಾಣಲಿಲ್ಲ. ಕಂಪ್ಯೂಟರ್ ಇಲ್ಲದೆ ಆಗುತ್ತದೆಯೇ?
– ಓದುಗರು, ತುಮಕೂರು

ಉತ್ತರ: ಆಗುತ್ತದೆ. ಅಪ್ಪ ಮಗಳು ಹೀಗೆ ಲೆಕ್ಕಕ್ಕೆ ಕೂತಿದ್ದು ಓದಿ ತುಂಬಾ ಖುಷಿಯಾಯಿತು.

ಕೊನೆಯ ಅಂಕಿ ನೋಡಿ 5 ಹಿಡಿದಿರಿ. ಅಂಕಿಗಳನ್ನು ಕೂಡಿದರೆ 87, ಹಾಗಾಗಿ 3. ಸರಿಯಾಗಿದೆ. ಆದರೆ ಉಳಿದದ್ದನ್ನು 7, 11, 13 ಎಂದು ಭಾಗಿಸುತ್ತಾ ಹೋದರೆ ಯಾರಿಗಾದರೂ ಸಾಕಾಗಿಹೋಗುತ್ತದೆ. ಅಂಕಿಗಳನ್ನು ಬಿಡಿ, ಈ ಸಂಖ್ಯೆ ಹುಟ್ಟಿದ ಬಗೆ ನೋಡಿ. ಯಾವ ಮನೆಯವರೆಗೆ ಕೂಡಿದರೂ ಮೊತ್ತ ಮುಂದಿನ ಮನೆಯ ಕಾಳಿಗಿಂತ ಒಂದೇ ಒಂದು ಕಡಿಮೆ. ಅಂದರೆ ನಮ್ಮ ಸಂಖ್ಯೆ 2⁶⁴ − 1. 2⁶⁴ ಎಂಬುದು 2³² ರ ವರ್ಗ. ಎರಡು ವರ್ಗಗಳ ವ್ಯತ್ಯಾಸದ ಸೂತ್ರ ನಿಮ್ಮ ಮಗಳಿಗೆ ಗೊತ್ತೇ ಇರುತ್ತದೆ ಅಲ್ವಾ? ಹಾಗಾಗಿ ಇದು (2³² + 1) × (2³² − 1). ಎರಡನೆಯದನ್ನು ಮತ್ತೆ ಹಾಗೇ ಒಡೆಯಿರಿ, ಮತ್ತೆ ಒಡೆಯಿರಿ. ಐದಾರು ಸಾಲಿನಲ್ಲಿ ಇಷ್ಟು ಕೈಗೆ ಬರುತ್ತದೆ:

3 × 5 × 17 × 257 × 65,537 × 4,29,49,67,297

ಮೊದಲ ಐದೂ ಅವಿಭಾಜ್ಯ. ಕೊನೆಯದು? ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರ ಹೊತ್ತಿಗೆ ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯವೇ ಎಂದು ನಂಬಿದ್ದರು. 1729ರಲ್ಲಿ ಗಣಿತಜ್ಞ ಗೋಲ್ಡ್‌ಬಾಖ್ ಇದರ ಬಗ್ಗೆ ಇನ್ನೊಬ್ಬ ಗಣಿತಜ್ಞ ಆಯ್ಲರ್‌ಗೆ ಪತ್ರ ಬರೆದು ಕೇಳಿದರು, ನೀವು ನಮ್ಮನ್ನು ಕೇಳಿದ ಹಾಗೆ. 1732ರಲ್ಲಿ ಆಯ್ಲರ್ ಉತ್ತರ ಕಂಡುಕೊಂಡರು: ಇದು 641ರಿಂದ ಭಾಗವಾಗುತ್ತದೆ.

ಯಾಕೆ 641? ಇದು ನನಗೆ ತೀರಾ ಇಷ್ಟವಾದ ಲೆಕ್ಕ. 641ನ್ನು ಎರಡು ರೀತಿ ಬರೆಯಬಹುದು: 5⁴ + 2⁴, ಅಂದರೆ 625 + 16. ಇನ್ನೊಂದು 640 + 1. ಇಲ್ಲಿ 640 ಅಂದರೆ 5 × 2⁷. ಮೊದಲನೆಯದನ್ನು 2²⁸ ರಿಂದ ಗುಣಿಸಿ. 5⁴ × 2²⁸ + 2³² ಬರುತ್ತದೆ, ಅದು 641ರ ಗುಣಕವೇ. ಈಗ 640⁴ − 1 ತೆಗೆದುಕೊಳ್ಳಿ. ಅದೇ ವರ್ಗಗಳ ಸೂತ್ರದಿಂದ ಒಡೆದರೆ 640 + 1 ಒಳಗೇ ಸಿಗುತ್ತದೆ, ಹಾಗಾಗಿ ಅದೂ 641ರ ಗುಣಕ. 640⁴ ಅಂದರೆ 5⁴ × 2²⁸. ಮೊದಲ ಗುಣಕದಿಂದ ಈ 640⁴ − 1 ಅನ್ನು ಕಳೆಯಿರಿ. ಉಳಿಯುವುದು 2³² + 1! ಉದ್ದನೆಯ ಭಾಗಾಕಾರ ಒಂದೂ ಇಲ್ಲ.

641ರಿಂದ ಭಾಗಿಸಿದರೆ ಬರುವುದು 67,00,417. ಅದು ಅವಿಭಾಜ್ಯ. ನನ್ನ ಮಾತನ್ನು ಸುಮ್ನೆ ಒಪ್ಪಬೇಡಿ, ನೀವೇ ಪರೀಕ್ಷಿಸಿ. ಆಯ್ಲರ್ ಮುಂದೆ ಸಾಧಿಸಿದ ನಿಯಮದ ಪ್ರಕಾರ ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಬೇಕು. ವರ್ಗಮೂಲ ಸುಮಾರು 2,588, ಅಲ್ಲಿವರೆಗೆ ನೋಡಿದರೆ ಸಾಕು. ಅಂಥ ಅವಿಭಾಜ್ಯಗಳು 193, 257, 449ರಿಂದ ಹಿಡಿದು 2,113ರವರೆಗೆ ಬರೀ ಹನ್ನೊಂದು. ಭಾನುವಾರ ಬೆಳಗ್ಗೆ ಕೂತರೆ ತಿಂಡಿಯೊಳಗೆ ಮುಗಿಯುತ್ತದೆ.

– ಸಂಪಾದಕ